ಯಾರ ಕಿವಿಗೆ ಮೊದಲ ಮಾತು? ನೆಲೆಯಿಲ್ಲದ ಯುವಜನರ ಆರೋಗ್ಯ ಮತ್ತು ಕೃತಕ ಬುದ್ಧಿಮತ್ತೆ: ಒಂದು ವಿಮರ್ಶೆ

ನೆಲೆಯಿಲ್ಲದೆ ಬೀದಿಯಲ್ಲಿ ಬದುಕುವ ನೂರು ಮಂದಿ ಯುವಜನರ ನಡುವೆ ಆರೋಗ್ಯದ ವಿಷಯವಾಗಿ ಒಂದು ಮಾತನ್ನು ಹರಡಬೇಕಾಗಿದೆಯೆನ್ನಿ. ನೂರು ಮಂದಿಯನ್ನೂ ಒಂದೆಡೆ ಕೂಡಿಸುವುದು ಆಗದ ಕೆಲಸ. ಇಂದು ಇಲ್ಲಿರುವವನು ನಾಳೆ ಬೇರೊಂದು ಊರಿನ ಸೇತುವೆಯ ಕೆಳಗಿರುತ್ತಾನೆ. ಹೇಳುವವರ ಬಳಿ ಇರುವ ಹಣಕ್ಕೂ ವೇಳೆಗೂ ಮಿತಿಯಿದೆ. ಹದಿನೈದು ಇಪ್ಪತ್ತು ಮಂದಿಯನ್ನು ಕರೆದು, ಒಂದು ದಿನ ಕೂರಿಸಿಕೊಂಡು ತಿಳಿಸಿ, 'ನೀವು ನಿಮ್ಮ ಗೆಳೆಯರಿಗೆ ತಿಳಿಸಿ' ಎಂದು ಕಳುಹಿಸುವುದಷ್ಟೇ ಸಾಧ್ಯ. ಹಾಗಾದರೆ ಆ ಹದಿನೈದು ಇಪ್ಪತ್ತು ಮಂದಿ ಯಾರಾಗಬೇಕು? ಮೇಲುನೋಟಕ್ಕೆ ಇದು ವ್ಯವಸ್ಥೆಯ ಪ್ರಶ್ನೆ. ಆಳಕ್ಕಿಳಿದರೆ ನೀತಿಯ ಪ್ರಶ್ನೆ. ಮೊದಲು ಯಾರಿಗೆ ಎಂಬುದು ತೀರ್ಮಾನವಾಗುವಾಗಲೇ ಕೊನೆಗೆ ಯಾರಿಗೆ ಎಂಬುದೂ, ಯಾರಿಗೆ ಇಲ್ಲವೇ ಇಲ್ಲ ಎಂಬುದೂ ತೀರ್ಮಾನವಾಗಿರುತ್ತದೆ.

ಈ ಪ್ರಶ್ನೆಗೆ ಕೃತಕ ಬುದ್ಧಿಮತ್ತೆಯ ನೆರವಿನಿಂದ ಉತ್ತರ ಹುಡುಕುವ ದೀರ್ಘ ಪ್ರಯತ್ನವೊಂದು ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ನಡೆಯಿತು. ಗಣಕ ವಿಜ್ಞಾನಿ ಮಿಲಿಂದ್ ತಾಂಬೆ ಮತ್ತು ಸಮಾಜಕಾರ್ಯದ ಪ್ರಾಧ್ಯಾಪಕ ಎರಿಕ್ ರೈಸ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ 2016ರಲ್ಲಿ ಈ ಎರಡು ಶಾಸ್ತ್ರಗಳನ್ನು ಕೂಡಿಸುವ ಕೇಂದ್ರವೊಂದನ್ನು ಸ್ಥಾಪಿಸಿದರು. ಅವರಿಬ್ಬರೂ ಸಂಪಾದಿಸಿದ 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅಂಡ್ ಸೋಷಿಯಲ್ ವರ್ಕ್' ಎಂಬ ಗ್ರಂಥವನ್ನು 2018ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದಿತು. ಆ ಗ್ರಂಥದ ಪ್ರಧಾನ ಉದಾಹರಣೆ ನೆಲೆಯಿಲ್ಲದ ಯುವಜನರಲ್ಲಿ ಎಚ್‌ಐವಿ ಸೋಂಕಿನ ಬಗೆಗೆ ಎಚ್ಚರ ಮೂಡಿಸುವ ಕಾರ್ಯ. ಅದರ ಮುಂದುವರಿಕೆಯಾದ ದೊಡ್ಡ ಪ್ರಯೋಗದ ಫಲಿತಾಂಶ 2021ರಲ್ಲಿ ವಿದ್ವತ್ಸಮ್ಮೇಳನವೊಂದರಲ್ಲಿ ಮಂಡಿತವಾಯಿತು. ಗ್ರಂಥವನ್ನೂ ಪ್ರಯೋಗವನ್ನೂ ಒಟ್ಟಿಗಿಟ್ಟುಕೊಂಡು ವಿವೇಚಿಸುವುದು ಉಚಿತ.

ಮೊದಲಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಈ ಕಾರ್ಯದ ಹಿಂದಿನ ಗಣಿತ ಲೋಕೋಪಕಾರಕ್ಕಾಗಿ ಹುಟ್ಟಿದ್ದಲ್ಲ. ಒಂದು ಸರಕಿನ ಸುದ್ದಿ ಬಾಯಿಂದ ಬಾಯಿಗೆ ಹರಡಬೇಕಾದರೆ ಮೊದಲು ಯಾವ ಕೆಲವರಿಗೆ ಅದನ್ನು ಉಚಿತವಾಗಿ ಕೊಡಬೇಕೆಂಬ ವ್ಯಾಪಾರದ ಲೆಕ್ಕಾಚಾರ ಅದರ ಒಂದು ಮೂಲ. 2001ರಲ್ಲಿ ಡೊಮಿಂಗೋಸ್ ಮತ್ತು ರಿಚರ್ಡ್‌ಸನ್ ಈ ಸಮಸ್ಯೆಯನ್ನು ಎತ್ತಿದರು. 2003ರಲ್ಲಿ ಕೆಂಪ್, ಕ್ಲೈನ್‌ಬರ್ಗ್ ಮತ್ತು ಟಾರ್ಡೋಸ್ ಎಂಬ ಮೂವರು ವಿದ್ವಾಂಸರು ಅದಕ್ಕೆ ಗಣಿತದ ಸ್ಪಷ್ಟ ರೂಪ ಕೊಟ್ಟರು. ಮಾರಾಟಕ್ಕೆಂದು ಹದಗೊಂಡ ಉಪಕರಣವನ್ನು ಕೊಳ್ಳುವ ಶಕ್ತಿಯೇ ಇಲ್ಲದವರ ಹಿತಕ್ಕೆ ತಿರುಗಿಸಿದ್ದು ಸಣ್ಣ ಸಾಧನೆಯಲ್ಲ.

ಎರಡನೆಯ ಮೆಚ್ಚುಗೆ ಅವರು ಕಂಡುಕೊಂಡ ಸತ್ಯಕ್ಕೆ. ಸಮಾಜಸೇವಾ ಸಂಸ್ಥೆಗಳ ರೂಢಿಯೆಂದರೆ ಗುಂಪಿನಲ್ಲಿ ಅತಿ ಹೆಚ್ಚು ಗೆಳೆಯರನ್ನುಳ್ಳವನನ್ನು, ಎಲ್ಲರಿಗೂ ಬೇಕಾದವನನ್ನು ಮುಂದಾಳಾಗಿ ಆರಿಸುವುದು. ಇದರಲ್ಲಿ ತಪ್ಪೇನಿದೆಯೆಂದು ಯಾರಿಗಾದರೂ ತೋರಬಹುದು. ಆದರೆ 2017ರಲ್ಲಿ ಪ್ರಕಟವಾದ, 173 ಮಂದಿ ಯುವಜನರನ್ನೊಳಗೊಂಡ ಮೊದಲ ಕ್ಷೇತ್ರಪರೀಕ್ಷೆಯಲ್ಲಿ ಬೇರೆಯದೇ ಚಿತ್ರ ಕಂಡಿತು. ಜನಪ್ರಿಯರಾದವರು ಬಹುಮಟ್ಟಿಗೆ ಪರಸ್ಪರ ಗೆಳೆಯರೇ ಆಗಿದ್ದರು. ಅವರಿಗೆ ಹೇಳಿದ ಮಾತು ಅವರೊಳಗೇ ಸುತ್ತಿತು. ಗುಂಪಿನ ಅಂಚಿನಲ್ಲಿದ್ದವರನ್ನು ಮುಟ್ಟಲಿಲ್ಲ. ಯಂತ್ರ ಆರಿಸಿದವರ ಮೂಲಕ ಉಳಿದವರಲ್ಲಿ ಸರಿಸುಮಾರು ಹತ್ತರಲ್ಲಿ ಏಳು ಮಂದಿಗೆ ಮಾತು ತಲುಪಿದರೆ, ಜನಪ್ರಿಯರ ಮೂಲಕ ತಲುಪಿದ್ದು ಕಾಲುಭಾಗಕ್ಕೆ ಸಮೀಪದಷ್ಟು ಮಂದಿಗೆ ಮಾತ್ರ. ಯಂತ್ರ ಮಾಡಿದ್ದಿಷ್ಟೆ: ಎಲ್ಲರಿಗೂ ಕಾಣುವ ಒಂದೇ ದೊಡ್ಡ ಗುಂಪಿನಲ್ಲಿ ಎಲ್ಲ ಬೀಜವನ್ನೂ ಬಿತ್ತದೆ, ಬೇರೆ ಬೇರೆ ಸಣ್ಣ ಗುಂಪುಗಳಿಗೆ ಒಂದೊಂದು ಬಾಗಿಲನ್ನು ಹುಡುಕಿತು.

ಮೂರನೆಯದು, ಮತ್ತು ನೀತಿಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದದ್ದು, ಮಿತಸಂಗ್ರಹ. ಮೊದಮೊದಲು ಸಂಶೋಧಕರು ಪ್ರತಿಯೊಬ್ಬ ಯುವಕನಿಂದಲೂ ಅವನ ಗೆಳೆಯರ ಹೆಸರುಗಳನ್ನು ಕೇಳಿ ಇಡೀ ಗೆಳೆತನದ ನಕ್ಷೆಯನ್ನು ಬರೆಯುತ್ತಿದ್ದರು. ಅದು ಶ್ರಮದ ಕೆಲಸವೂ ಹೌದು, ಇನ್ನೊಬ್ಬರ ಬದುಕಿನೊಳಗೆ ಇಣುಕುವ ಕೆಲಸವೂ ಹೌದು. 2018ರ ಹೊತ್ತಿಗೆ ಬ್ರಯಾನ್ ವೈಲ್ಡರ್ ಮತ್ತು ಸಂಗಡಿಗರು 'ಚೇಂಜ್' ಎಂಬ ಹೊಸ ಕ್ರಮವನ್ನು ರೂಪಿಸಿದರು. ಅದರಂತೆ ಸುಮಾರು ಐದರಲ್ಲೊಂದು ಪಾಲು ಜನರನ್ನು ಮಾತ್ರ ಕೇಳಿದರೆ ಸಾಕು. ಯಾರನ್ನೋ ಒಬ್ಬನನ್ನು ಗೊತ್ತುಗುರಿಯಿಲ್ಲದೆ ಆರಿಸಿ ಅವನ ಗೆಳೆಯರು ಯಾರೆಂದು ಕೇಳುವುದು. ಬಳಿಕ ಅವನು ಹೇಳಿದ ಗೆಳೆಯರಲ್ಲಿ ಒಬ್ಬನನ್ನು ಆರಿಸಿ ಅವನನ್ನೂ ಕೇಳುವುದು. ಒಬ್ಬನ ಗೆಳೆಯನಿಗೆ ಸರಾಸರಿಯಲ್ಲಿ ಅವನಿಗಿಂತ ಹೆಚ್ಚು ಗೆಳೆಯರಿರುತ್ತಾರೆಂಬ ವಿಚಿತ್ರ ಸತ್ಯವನ್ನು ಸಮಾಜಶಾಸ್ತ್ರಜ್ಞ ಸ್ಕಾಟ್ ಫೆಲ್ಡ್ 1991ರಲ್ಲಿ ನಿರೂಪಿಸಿದ್ದರು. ಈ ಕ್ರಮ ಅದನ್ನೇ ಬಳಸಿಕೊಂಡಿತು. ಬೇಕಾದುದಕ್ಕಿಂತ ಹೆಚ್ಚನ್ನು ಸಂಗ್ರಹಿಸದಿರುವ ಅಪರಿಗ್ರಹದ ನಿಯಮ ಧನಧಾನ್ಯಗಳಿಗಷ್ಟೇ ಅಲ್ಲ, ಮಾಹಿತಿಗೂ ಅನ್ವಯಿಸುತ್ತದೆ. ಕಡಿಮೆ ಕೇಳಿಯೂ ಕೆಲಸ ಸಾಗುತ್ತದೆಯೆಂಬುದಕ್ಕೆ ಇದು ನಿದರ್ಶನ.

ಈ ಕ್ರಮವನ್ನು ಒರೆಗೆ ಹಚ್ಚಿದ ದೊಡ್ಡ ಪ್ರಯೋಗದಲ್ಲಿ 713 ಮಂದಿ ಯುವಜನರು ಭಾಗಿಗಳಾಗಿದ್ದರು. ಮೂರು ಪಂಗಡಗಳು: ಒಂದರಲ್ಲಿ ಯಂತ್ರ ಆರಿಸಿದ ಯುವಜನರು ತರಬೇತಿ ಪಡೆದು ಮಾತು ಹರಡಿದರು, ಇನ್ನೊಂದರಲ್ಲಿ ಜನಪ್ರಿಯರಾದವರು ಹರಡಿದರು, ಮೂರನೆಯದರಲ್ಲಿ ಯಾವ ತರಬೇತಿಯೂ ಇಲ್ಲದೆ ಅವಲೋಕನ ಮಾತ್ರ ನಡೆಯಿತು. ಯಂತ್ರ ಆರಿಸಿದ ಪಂಗಡದಲ್ಲಿ ಸೋಂಕಿಗೆ ಎಡೆಮಾಡುವ ಅಸುರಕ್ಷಿತ ಲೈಂಗಿಕ ವರ್ತನೆ ಗಮನಾರ್ಹವಾಗಿ ತಗ್ಗಿತು. ಜನಪ್ರಿಯರ ಪಂಗಡದಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅಲೆಮಾರಿ ಬದುಕಿನವರಾದ್ದರಿಂದ ಎಲ್ಲರೂ ಮರುಭೇಟಿಗೆ ಸಿಗಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಆದರೂ ಕೃತಕ ಬುದ್ಧಿಮತ್ತೆಯ ಬಗೆಗಿನ ಹೇಳಿಕೆಗಳೇ ಹೆಚ್ಚಾಗಿ, ಅಳೆದು ನೋಡಿದ ಫಲ ವಿರಳವಾಗಿರುವ ಕಾಲದಲ್ಲಿ ಇಷ್ಟನ್ನು ಮಾಡಿ ತೋರಿಸಿದ್ದು ಗೌರವಕ್ಕೆ ಅರ್ಹ.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ಲಾಸ್ ಏಂಜಲೀಸಿನ ಯಂತ್ರ ಯಾವ ಯುವಕನೊಡನೆಯೂ ಮಾತನಾಡಲಿಲ್ಲ. ಅದು ಹೆಸರುಗಳನ್ನು ಸೂಚಿಸಿ ಸುಮ್ಮನಾಯಿತು. ಮಾತನಾಡಿದವನು ಬೀದಿಯ ಯುವಕ. ಕೇಳಿದವನು ಅವನ ಗೆಳೆಯ. ನಂಬಿಕೆ ಹುಟ್ಟಿದ್ದು ಆ ಇಬ್ಬರ ನಡುವೆ. ಇಂದಿನ ಒಲವು ಇದಕ್ಕೆ ವಿರುದ್ಧವಾದದ್ದು. 2022ರ ಕೊನೆಯಿಂದೀಚೆಗೆ ಮಾತನಾಡುವ ಯಂತ್ರಗಳೇ ಎಲ್ಲೆಡೆ ಹಬ್ಬಿವೆ. ವಿಶ್ವ ಆರೋಗ್ಯ ಸಂಸ್ಥೆಯೇ 2024ರ ಏಪ್ರಿಲ್‌ನಲ್ಲಿ 'ಸಾರಾ' ಎಂಬ ಮಾತನಾಡುವ ಆರೋಗ್ಯ ಸಲಹೆಗಾರ್ತಿಯ ಯಂತ್ರರೂಪವನ್ನು ಎಂಟು ಭಾಷೆಗಳಲ್ಲಿ ಬಿಡುಗಡೆ ಮಾಡಿತು. ಆ ಎಂಟರಲ್ಲಿ ಹಿಂದಿ ಇತ್ತು, ಕನ್ನಡ ಇರಲಿಲ್ಲ. ಹೇಳುವವನ ಮುಖ ಕಾಣದೆ, ಅವನು ತಪ್ಪಿದರೆ ಕೇಳಲು ಯಾರೂ ಇಲ್ಲದೆ ಬರುವ ಸಲಹೆಗೂ ತನ್ನಂತೆಯೇ ಬದುಕುವವನೊಬ್ಬ ಪಕ್ಕದಲ್ಲಿ ಕುಳಿತು ಹೇಳುವ ಮಾತಿಗೂ ಇರುವ ಅಂತರ ಬಹಳ ದೊಡ್ಡದು. ಆ ದೃಷ್ಟಿಯಿಂದ ಹಳೆಯ ಯಂತ್ರವೇ ಹೆಚ್ಚು ವಿನಯಶಾಲಿ.

ಇನ್ನು ಈ ಗ್ರಂಥವನ್ನು ಕನ್ನಡನಾಡಿನ ಒಂದು ನೆಲದ ಮೇಲಿಟ್ಟು ಓದಬೇಕು. ದೂರದ ನಗರದಲ್ಲಿ ಫಲಿಸಿದ ಕ್ರಮ ಇಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದು ಆಗ ತಿಳಿಯುತ್ತದೆ. ಅದಕ್ಕೆ ಸಾವನದುರ್ಗದ ಆಸುಪಾಸಿನ ಸೀಮೆಗಿಂತ ತಕ್ಕ ಪರೀಕ್ಷಾಸ್ಥಳ ಅಪರೂಪ. ಮಾಗಡಿ ತಾಲ್ಲೂಕಿನ ಈ ಏಕಶಿಲೆಯ ಬೆಟ್ಟ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ್ದು. ಕರಿಗುಡ್ಡ, ಬಿಳಿಗುಡ್ಡ ಎಂದು ಅದಕ್ಕೆ ಎರಡು ಶಿಖರಗಳು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಇದನ್ನು ಟಿಪ್ಪುವಿನಿಂದ ವಶಪಡಿಸಿಕೊಂಡಿತು. ಅದಕ್ಕೆ ಮುನ್ನ ಕೋಟೆಯ ಗೋಡೆಯಷ್ಟೇ ಅಲ್ಲ, ಸುತ್ತಣ ಕಾಡಿನ ರೋಗಕಾರಕ ಹವೆಯೂ ಅದರ ರಕ್ಷಣೆಯೆಂದು ಎಣಿಸಲ್ಪಟ್ಟಿತ್ತು. ಸಾವಿನ ದುರ್ಗವೇ ಸಾವನದುರ್ಗವಾಯಿತೆಂದು ಜನ ಹೇಳುವುದುಂಟು. ಒಂದು ಕಾಲಕ್ಕೆ ರೋಗವನ್ನೇ ಕಾವಲಾಗಿಸಿಕೊಂಡ ಈ ಬೆಟ್ಟದ ಬುಡದಲ್ಲಿ ಇಂದು ವೀರಭದ್ರಸ್ವಾಮಿ, ಲಕ್ಷ್ಮೀನರಸಿಂಹಸ್ವಾಮಿ ದೇವಾಲಯಗಳಿಗೆ ಭಕ್ತರೂ, ಬೆಟ್ಟವೇರಲು ಬೆಂಗಳೂರಿನ ಯುವಜನರೂ ಬರುತ್ತಾರೆ. ಅವರ ಕೈಯಲ್ಲಿ ಮಾಹಿತಿಯ ಸಕಲ ಸಾಧನಗಳೂ ಇವೆ. ಅವರು ನಡೆದುಹೋಗುವ ದಾರಿಯ ಪಕ್ಕದಲ್ಲಿ ಬದುಕುವವರ ಮಾತು ಬೇರೆ.

ಈ ಸೀಮೆಯಲ್ಲಿ ನೆಲೆಯಿಲ್ಲದ ಯುವಕನೆಂದರೆ ಯಾರು? ಲಾಸ್ ಏಂಜಲೀಸಿನಲ್ಲಿ ಆ ಮಾತಿಗೆ ಅರ್ಥ ಸ್ಪಷ್ಟ: ಮನೆ ತೊರೆದು ಅಥವಾ ಮನೆಯಿಂದ ಹೊರದೂಡಲ್ಪಟ್ಟು ಬೀದಿಯಲ್ಲಿ, ತಂಗುದಾಣಗಳಲ್ಲಿ ದಿನ ಕಳೆಯುವವನು. ಇಲ್ಲಿ ಮೊದಲಿಗೆ ಬರುವವರು ಇರುಳಿಗರು. ಮಾಗಡಿ, ರಾಮನಗರ, ಕನಕಪುರಗಳ ಕಾಡಂಚಿನಲ್ಲಿ ಬದುಕಿರುವ ಈ ಪರಿಶಿಷ್ಟ ಪಂಗಡದವರು ಜೇನು, ಗೆಡ್ಡೆಗೆಣಸು, ಬಿದಿರುಗಳನ್ನು ನಂಬಿದ್ದವರು. ಗಿಡಮೂಲಿಕೆಯ ತಿಳಿವಳಿಕೆಗೆ ಹೆಸರಾದವರು. ಕಾಡಿನಿಂದ ಹೊರಬಿದ್ದ ಮೇಲೆ ಅವರಲ್ಲಿ ಅನೇಕರು ಅನ್ಯರ ತೋಟಗಳಲ್ಲಿಯೂ ಕಲ್ಲುಕ್ವಾರಿಗಳಲ್ಲಿಯೂ ದುಡಿದರು; ಜೀತಕ್ಕೂ ಸಿಕ್ಕಿದರು. 2006ರ ಅರಣ್ಯ ಹಕ್ಕು ಕಾಯ್ದೆಯ ಬಳಿಕವೂ ಹಕ್ಕುಪತ್ರಕ್ಕಾಗಿ ಕಾಯ್ದವರಿದ್ದಾರೆ. ಅವರಿಗೆ ಗುಡಿಸಲುಂಟು, ಆದರೆ ಅದು ತನ್ನದೆನ್ನುವ ಕಾಗದವಿಲ್ಲ. ಕಾಗದವಿಲ್ಲದ ಮನೆ ಯಾವ ದಿನ ಬೇಕಾದರೂ ಮನೆಯಲ್ಲದಾಗಬಹುದು.

ಎರಡನೆಯವರು ದುಡಿಮೆಗೆಂದು ಬಂದು ದುಡಿಯುವ ಜಾಗದಲ್ಲೇ ಮಲಗುವ ಹುಡುಗರು. ರಾಮನಗರ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಗೆ ಹೆಸರಾದ ಊರು. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಮಕ್ಕಳ ಜೀತವಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲಿಯೂ ಮತ್ತೆ 2003ರಲ್ಲಿಯೂ ತನ್ನ ವರದಿಗಳಲ್ಲಿ ದಾಖಲಿಸಿತು. ನೂಲು ಬಿಚ್ಚುವ ಕಡೆ ಕುದಿನೀರಿನಲ್ಲಿ ಅದ್ದಿ ಬೆಂದ ಬೆರಳುಗಳು, ಗೂಡು ಬೇಯಿಸುವ ಹೊಗೆಯಿಂದ ಬರುವ ಉಸಿರಿನ ತೊಂದರೆ, ಹುರಿಯಂತ್ರದ ಸದ್ದು: ಆ ವರ್ಷಗಳ ಮಕ್ಕಳ ದೇಹದ ಮೇಲೆ ಬರೆದ ಚರಿತ್ರೆ ಇದು. ರೇಷ್ಮೆಹುಳುವಿನ ಹಿಂಸೆಯ ಬಗೆಗೆ ಚಿಂತಿಸಿದ ಸಮಾಜ ಅದೇ ಬಾಣಲೆಯ ಮುಂದೆ ಕುಳಿತ ಬಾಲಕನ ಬಗೆಗೂ ಚಿಂತಿಸಬೇಕಾದುದು ಸಹಜ. ಈ ಜಿಲ್ಲೆ 2007ರಲ್ಲಿ ರಾಮನಗರವೆಂದು ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡಿದೆ. ಮಹಾನಗರ ಹತ್ತಿರ ಬಂದಂತೆಲ್ಲ ದುಡಿಮೆಗೆ ಬರುವವರೂ ಹೆಚ್ಚುತ್ತಾರೆ. ಅವರಿಗೆ ನೆಲೆ ಹೆಚ್ಚುತ್ತದೆಯೆಂಬ ಭರವಸೆ ಹೆಸರಿನಿಂದ ಬರುವುದಿಲ್ಲ.

ಇಂಥವರ ನಡುವೆ ಆರೋಗ್ಯದ ಮಾತು ಹರಡಲು ಸರ್ಕಾರದ ಏರ್ಪಾಡು ಇಲ್ಲವೆಂದಲ್ಲ. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಹದಿಹರೆಯದವರಿಗೆ ಅವರ ಓರಗೆಯವರಿಂದಲೇ ತಿಳಿವಳಿಕೆ ಕೊಡಿಸುವ ತತ್ತ್ವದ ಮೇಲೆ ನಿಂತಿದೆ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯ ನೆರವಿನಿಂದ ಕೆಲವು ಹುಡುಗ ಹುಡುಗಿಯರನ್ನು ಆರಿಸಿ ತರಬೇತಿ ಕೊಡಬೇಕು. ಅವರು ಉಳಿದವರಿಗೆ ಹೇಳಬೇಕು. ಅಂದರೆ ಲಾಸ್ ಏಂಜಲೀಸಿನ ಪ್ರಶ್ನೆಯೇ ಇಲ್ಲಿಯೂ ಇದೆ: ಯಾರನ್ನು ಆರಿಸುವುದು? ಇಲ್ಲಿ ಆಯ್ಕೆ ಸಹಜವಾಗಿಯೇ ಶಾಲೆಗೆ ಹೋಗುವ, ಚೆನ್ನಾಗಿ ಮಾತನಾಡುವ, ಊರಿನವರಿಗೆ ಬೇಕಾದ ಮನೆಯ ಮಕ್ಕಳ ಕಡೆಗೆ ವಾಲುತ್ತದೆ. ಅಂಥವರನ್ನು ಆರಿಸುವವರಲ್ಲಿ ಕೆಟ್ಟ ಮನಸ್ಸಿರುವುದಿಲ್ಲ. ಕಣ್ಣಿಗೆ ಬೀಳುವವರು ಅವರೇ. ಆದರೆ ಆ ಮಕ್ಕಳ ಗೆಳೆಯರೂ ಅಂಥ ಮಕ್ಕಳೇ. ಬೆಟ್ಟದ ಬುಡದ ಇರುಳಿಗರ ಹಾಡಿಗೂ, ನೂಲು ಬಿಚ್ಚುವ ಶೆಡ್ಡಿನಲ್ಲಿ ಮಲಗುವ ಹೊರಗಿನ ಹುಡುಗನಿಗೂ ಆ ಮಾತು ಹರಿದುಹೋಗುವ ಕಾಲುವೆಯೇ ಇಲ್ಲ. ಜನಪ್ರಿಯನನ್ನು ಆರಿಸಿದರೆ ಮಾತು ಜನಪ್ರಿಯರಲ್ಲೇ ಸುತ್ತುತ್ತದೆಂಬ ಗ್ರಂಥದ ಪಾಠ ಸಾವನದುರ್ಗದ ಸೀಮೆಗೆ ಅಕ್ಷರಶಃ ಅನ್ವಯಿಸುತ್ತದೆ. ಈ ಪಾಠವನ್ನು ಕಲಿಯಲು ಗಣಕಯಂತ್ರವನ್ನು ಕೊಳ್ಳಬೇಕಾಗಿಯೂ ಇಲ್ಲ.

ಆದರೆ ಪಾಠವನ್ನು ಒಪ್ಪಿದ ಮೇಲೆ ಮೂರು ಆಕ್ಷೇಪಗಳು ಉಳಿಯುತ್ತವೆ. ಮೊದಲನೆಯದು ಹೆಸರುಗಳ ವಿಷಯ. 'ನಿನ್ನ ಗೆಳೆಯರು ಯಾರು?' ಎಂಬ ಪ್ರಶ್ನೆ ಮನೆಯಿರುವವನಿಗೆ ಕುಶಲಪ್ರಶ್ನೆ; ಮನೆಯಿಲ್ಲದವನಿಗೆ ಅದು ಪೊಲೀಸರ ಪ್ರಶ್ನೆಯಂತೆ ಕೇಳಿಸುತ್ತದೆ. ಜೀತದಲ್ಲಿರುವ ಹುಡುಗ ತನ್ನ ಜೊತೆಗಾರರ ಹೆಸರು ಹೇಳಿದರೆ ಅದು ಯಜಮಾನನ ಕಿವಿಗೆ ಬೀಳಬಹುದು. ಕಾಡಂಚಿನ ಯುವಕ ಹೇಳಿದರೆ ತೆರವಿನ ಪಟ್ಟಿಗೆ ಸೇರೀತೆಂದು ಅವನು ಅಂಜಬಹುದು. ಮೇಲಾಗಿ, ಕೇಳಲ್ಪಟ್ಟವನು ಒಪ್ಪಿಗೆ ಕೊಟ್ಟಿರುತ್ತಾನೆ; ಅವನು ಯಾರ ಹೆಸರನ್ನು ಹೇಳಿದನೋ ಆ ಗೆಳೆಯ ಒಪ್ಪಿಗೆ ಕೊಟ್ಟಿರುವುದಿಲ್ಲ. ಗೆಳೆತನದ ನಕ್ಷೆಯೊಂದರ ಮೇಲೆ ತನ್ನ ಹೆಸರು ಚುಕ್ಕೆಯಾಗಿ ಕೂತಿರುವುದು ಅವನಿಗೆ ಗೊತ್ತಾಗುವ ಮೊದಲೇ ನಡೆದುಹೋಗಿರುತ್ತದೆ. 'ಚೇಂಜ್' ಕ್ರಮದಲ್ಲಿ ಈ ದೋಷ ಕಡಿಮೆಯಾಯಿತು, ನಿಜ, ಇಲ್ಲದಾಗಲಿಲ್ಲ. ಕಡಿಮೆ ಮಾಡಿದ್ದಕ್ಕೆ ಕಾರಣ ಮುಖ್ಯವಾಗಿ ಶ್ರಮದ ಉಳಿತಾಯವೇ ಹೊರತು ಗೆಳೆಯನ ಹಕ್ಕಿನ ಅರಿವಲ್ಲವೆಂಬ ಭಾವನೆ ಗ್ರಂಥವನ್ನು ಓದಿದವರಲ್ಲಿ ಉಳಿಯುತ್ತದೆ.

ಭಾರತದ ಕಾನೂನಿನಲ್ಲಿಯೂ ಈ ಗಂಟು ಬಿಡಿಸಿಕೊಂಡಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ, ಸೋಂಕಿನ ವಿಷಯವನ್ನು ಗೋಪ್ಯವಾಗಿಡಬೇಕೆಂದು ವಿಧಿಸುತ್ತದೆ. 2023ರಲ್ಲಿ ಅಂಗೀಕೃತವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಬೇಕಾದರೆ ತಂದೆತಾಯಿಯರ ಅಥವಾ ಕಾನೂನುಬದ್ಧ ಪಾಲಕರ ಒಪ್ಪಿಗೆಯನ್ನು ಪರಿಶೀಲಿಸಿ ಪಡೆಯಬೇಕೆನ್ನುತ್ತದೆ. ಆರೋಗ್ಯಸೇವೆಯಂಥ ಕೆಲವು ಸಂದರ್ಭಗಳಿಗೆ ನಿಯಮಗಳಲ್ಲಿ ವಿನಾಯಿತಿಯುಂಟು. ಮಕ್ಕಳ ರಕ್ಷಣೆಗೆಂದೇ ಮಾಡಿದ ಈ ವಿಧಿ ಮನೆಬಿಟ್ಟ ಹದಿನಾರರ ಹುಡುಗನ ಮುಂದೆ ಬಂದು ನಿಂತಾಗ ತಬ್ಬಿಬ್ಬಾಗುತ್ತದೆ. ಯಾವ ತಂದೆಯ ಹೊಡೆತಕ್ಕೆ ಹೆದರಿ ಅವನು ಓಡಿಬಂದನೋ ಆ ತಂದೆಯ ಸಹಿಯನ್ನು ಅವನೆಲ್ಲಿಂದ ತರುವನು? ಸಹಿ ಬೇಡವೆಂದರೆ ಅವನನ್ನು ಕಾಯುವವರಾರು? ಇಂಥ ಹುಡುಗನ ಪರವಾಗಿ ನಿಲ್ಲುವ ಮಕ್ಕಳ ಕಲ್ಯಾಣ ಸಮಿತಿ ಜಿಲ್ಲೆಗಳಲ್ಲಿದೆ. ಯಂತ್ರವನ್ನು ತರುವವರು ಮೊದಲು ಅದರ ಬಾಗಿಲನ್ನು ತಟ್ಟಬೇಕು.

ಎರಡನೆಯ ಆಕ್ಷೇಪ ಆ ಮೂರನೆಯ ಪಂಗಡಕ್ಕೆ ಸಂಬಂಧಿಸಿದ್ದು, ಯಾರಿಗೆ ಅವಲೋಕನವೊಂದೇ ದೊರೆಯಿತೋ ಅವರಿಗೆ. ಹೋಲಿಕೆಯಿಲ್ಲದೆ ಫಲ ತಿಳಿಯದೆಂಬುದು ವಿಜ್ಞಾನದ ನ್ಯಾಯ. ಅದನ್ನು ಅಲ್ಲಗಳೆಯಲಾಗದು, ಪರೀಕ್ಷಿಸದ ಔಷಧವನ್ನು ಎಲ್ಲರಿಗೂ ಹಂಚುವುದೂ ಹಿಂಸೆಯೇ. ಆ ಯುವಜನರು ಬರುತ್ತಿದ್ದ ಕೇಂದ್ರಗಳಲ್ಲಿ ಎಂದಿನ ಸೇವೆಗಳು ಇದ್ದವೆಂಬುದೂ ಸತ್ಯ. ಆದರೂ ಹರಡಬೇಕಾದ ಮಾತು ಇನ್ನೂ ಸಾಬೀತಾಗದ ಔಷಧವಲ್ಲ. ಎಚ್‌ಐವಿಯಿಂದ ಕಾಪಾಡಿಕೊಳ್ಳುವ ಬಗೆ ಆಗಲೇ ಖಚಿತವಾಗಿ ತಿಳಿದ ವಿಷಯ. ಪರೀಕ್ಷೆಗೊಳಗಾಗಿದ್ದುದು ಹರಡುವ ವಿಧಾನ ಮಾತ್ರ. ಅಂಥಲ್ಲಿ ಅಧ್ಯಯನ ಮುಗಿದೊಡನೆ ಮೂರನೆಯ ಪಂಗಡಕ್ಕೂ ಆ ತರಬೇತಿ ದೊರೆಯಬೇಕೆಂಬುದು ಪ್ರಯೋಗದ ಆರಂಭದಲ್ಲೇ ಬರೆದಿಡಬೇಕಾದ ಋಣ. ಕರ್ನಾಟಕದಲ್ಲಿ ಇಂಥ ಕಾರ್ಯ ನಡೆಯುವುದಾದರೆ ಅಷ್ಟು ಮಾತನ್ನು ಮೊದಲ ಪುಟದಲ್ಲೇ ಕೇಳಿ ಪಡೆಯುವುದು ಇಲ್ಲಿನವರ ಕರ್ತವ್ಯ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗುರುತರವಾದದ್ದು. ಮಾತು ತಲುಪುವುದು ಬೇರೆ, ನೆರವು ತಲುಪುವುದು ಬೇರೆ. ಗೆಳೆಯನಿಂದ ಎಚ್ಚರದ ಮಾತು ಕೇಳಿದ ಲಾಸ್ ಏಂಜಲೀಸಿನ ಯುವಕನಿಗೆ ರಕ್ತಪರೀಕ್ಷೆಗೆ ಹೋಗಬಹುದಾದ ಜಾಗವೊಂದು ನಗರದಲ್ಲೇ ಇತ್ತು. ಮಾತಿನ ಕೊನೆಯಲ್ಲಿ ಒಂದು ಬಾಗಿಲಿತ್ತು. ಸಾವನದುರ್ಗದ ಕಾಡಂಚಿನಿಂದ ಮಾಗಡಿಯ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕಾದರೆ ಒಂದು ದಿನದ ಕೂಲಿಯನ್ನು ಬಿಡಬೇಕು. ಕರ್ನಾಟಕದ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದು 'ಸ್ನೇಹ ಕ್ಲಿನಿಕ್'ಗಳನ್ನು ತೆರೆದಿದ್ದಾರೆ, ಹೆಸರು ಸೊಗಸಾಗಿದೆ. ಆದರೆ ಹಗಲಿನಲ್ಲಿ ತೆರೆದಿರುವ ಕ್ಲಿನಿಕ್ಕು ಹಗಲೆಲ್ಲ ದುಡಿಯುವವನಿಗೆ ಮುಚ್ಚಿದಂತೆಯೇ. ಬೆರಳು ಸುಟ್ಟ ಹುಡುಗನಿಗೆ ಕುದಿನೀರಿನಲ್ಲಿ ಕೈಯಿಡಬಾರದೆಂಬ ಮಾಹಿತಿಯ ಕೊರತೆಯಿರಲಿಲ್ಲ. ಕೈಯನ್ನು ಹೊರತೆಗೆಯುವ ಸ್ವಾತಂತ್ರ್ಯದ ಕೊರತೆಯಿತ್ತು. ಇಂಥವನಿಗೆ ಎಷ್ಟು ಚಾತುರ್ಯದಿಂದ ಮಾಹಿತಿ ತಲುಪಿಸಿದರೂ ಅದು ಹಸಿದವನಿಗೆ ಅಡುಗೆಯ ವಿಧಾನ ಓದಿ ಹೇಳಿದಂತೆ.

ಇದಕ್ಕೆ ಒಂದು ಪ್ರತಿಮಾತನ್ನು ಹೇಳಬಹುದು, ಅದು ತಳ್ಳಿಹಾಕುವಂಥದ್ದೂ ಅಲ್ಲ. ವ್ಯವಸ್ಥೆ ನೆಟ್ಟಗಾಗುವವರೆಗೆ ಮಾತನ್ನೂ ತಡೆಹಿಡಿಯಬೇಕೇ? ಇರುವ ಸ್ವಲ್ಪವನ್ನು ಸರಿಯಾದವರಿಗೆ ಮುಟ್ಟಿಸುವುದೂ ಪುಣ್ಯದ ಕೆಲಸವಲ್ಲವೇ? ತಾಂಬೆಯವರ ನಂತರದ ಕಾರ್ಯವೇ ಇದಕ್ಕೆ ದೃಷ್ಟಾಂತ. ಅವರು 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅದೇ ವರ್ಷ ಬೆಂಗಳೂರಿನಲ್ಲಿ ಆರಂಭವಾದ ಗೂಗಲ್ ಸಂಸ್ಥೆಯ ಸಂಶೋಧನಾಲಯದಲ್ಲಿ ಸಮಾಜಹಿತದ ಕೃತಕ ಬುದ್ಧಿಮತ್ತೆಯ ವಿಭಾಗಕ್ಕೂ ಮಾರ್ಗದರ್ಶಕರಾದರು. ಅಲ್ಲಿಂದ ಮುಂಬಯಿಯ 'ಅರ್ಮಾನ್' ಸಂಸ್ಥೆಯೊಡನೆ ಕೂಡಿ ನಡೆದ ಕೆಲಸ ಗಮನಾರ್ಹ. ಡಾ. ಅಪರ್ಣಾ ಹೆಗ್ಡೆಯವರು 2008ರಲ್ಲಿ ಸ್ಥಾಪಿಸಿದ ಆ ಸಂಸ್ಥೆ ಬಸುರಿಯರಿಗೂ ಬಾಣಂತಿಯರಿಗೂ ದೂರವಾಣಿಯಲ್ಲಿ ವಾರವಾರವೂ ಆರೋಗ್ಯದ ಮಾತನ್ನು ಕೇಳಿಸುತ್ತದೆ. ಕೆಲವು ತಿಂಗಳಲ್ಲಿ ಬಹಳ ಮಂದಿ ಕೇಳುವುದನ್ನು ಬಿಟ್ಟುಬಿಡುತ್ತಾರೆ. ಅವರಲ್ಲಿ ಯಾರಿಗೆ ಆರೋಗ್ಯ ಕಾರ್ಯಕರ್ತೆ ತಾನೇ ಕರೆಮಾಡಿ ವಿಚಾರಿಸಿದರೆ ಹೆಚ್ಚು ಪ್ರಯೋಜನವೆಂಬುದನ್ನು ಯಂತ್ರ ಸೂಚಿಸಿತು. ಸುಮಾರು 23,000 ಮಂದಿಯ ನಡುವೆ ನಡೆದ ಪರೀಕ್ಷೆಯಲ್ಲಿ, ಕೇಳುವುದನ್ನು ಬಿಡುವ ಪ್ರಮಾಣ ಶೇಕಡ 30ರಷ್ಟು ತಗ್ಗಿತು. ಇಲ್ಲಿಯೂ ಯಂತ್ರ ಕೊನೆಯ ಮಾತನ್ನು ಆಡಲಿಲ್ಲ, 'ತಂಗೀ, ಹೇಗಿದ್ದೀ?' ಎಂದು ಕೇಳಿದವಳು ಒಬ್ಬ ಹೆಂಗಸು.

ಆದ್ದರಿಂದ ಇರುವ ಸ್ವಲ್ಪವನ್ನು ಸರಿಯಾಗಿ ಹಂಚುವ ವಾದಕ್ಕೆ ಬೆಲೆಯಿದೆ. ಆದರೆ ಅದರಲ್ಲಿ ಒಂದು ಅಪಾಯವೂ ಅಡಗಿದೆ. ಕಾರ್ಯಕರ್ತೆಯರು ಕಡಿಮೆ, ತರಬೇತಿಗೆ ಹಣ ಕಡಿಮೆ ಎಂಬುದನ್ನು ಗಣಿತ ಪ್ರಕೃತಿನಿಯಮದಂತೆ ಸ್ವೀಕರಿಸಿ ಅಲ್ಲಿಂದ ಲೆಕ್ಕ ಆರಂಭಿಸುತ್ತದೆ. ಹದಿನೈದೇ ಮಂದಿಗೆ ಏಕೆ, ಐವತ್ತು ಮಂದಿಗೆ ಏಕಿಲ್ಲ ಎಂಬ ಪ್ರಶ್ನೆ ಗಣಿತದ ಹೊರಗುಳಿಯುತ್ತದೆ. ಕೊರತೆಯನ್ನು ಚೆನ್ನಾಗಿ ನಿರ್ವಹಿಸಿದಷ್ಟೂ ಕೊರತೆ ಕಣ್ಣಿಗೆ ಬೀಳದಂತಾಗುತ್ತದೆ. ಗ್ರಂಥದ ಲೇಖಕರು ಸಜ್ಜನರು; ಸಮಾಜಕಾರ್ಯಕರ್ತರನ್ನು ಗಣಕ ವಿಜ್ಞಾನಿಗಳ ಸಮಾನವಾಗಿ ಕೂರಿಸಿಕೊಂಡು ಬರೆದವರು. ಆದರೂ ಈ ಒಂದು ಪ್ರಶ್ನೆಯನ್ನು ಅವರು ಬದಿಗೆ ಸರಿಸಿದರೆಂದೇ ಹೇಳಬೇಕು.

ಕರ್ನಾಟಕಕ್ಕೆ ಈ ಹಾದಿ ಪೂರ್ಣ ಹೊಸದೂ ಅಲ್ಲ. 1980ರಿಂದ ಬೆಂಗಳೂರಿನಲ್ಲಿ ಬೀದಿಯ ಮಕ್ಕಳ ನಡುವೆ ದುಡಿದಿರುವ ಬಾಸ್ಕೋ ತನ್ನ ಹೆಸರಿನಲ್ಲೇ 'ಬೆಂಗಳೂರು ಓಣಿಯವರ ಸೇವಾ ಕೂಟ' ಎಂದು ಓಣಿಯವರನ್ನು ಇಟ್ಟುಕೊಂಡಿದೆ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರೇ ಕಟ್ಟಿಕೊಂಡ ಅಶೋದಯ ಸಮಿತಿ ಎಚ್‌ಐವಿ ತಡೆಯ ಕೆಲಸವನ್ನು ತಮ್ಮವರಿಂದಲೇ ನಡೆಸಿತು. 2003ರಲ್ಲಿ ಆರಂಭವಾದ 'ಆವಾಹನ್' ಕಾರ್ಯಕ್ರಮದಲ್ಲಿ ಓರಗೆಯ ಶಿಕ್ಷಕಿಯರು ಅಕ್ಷರ ಬಾರದಿದ್ದರೂ ಚಿತ್ರಗಳ ಹಾಳೆಯ ಮೇಲೆ ತಾವು ಕಾಣಬೇಕಾದವರ ಲೆಕ್ಕವಿಡುತ್ತಿದ್ದರು: ಯಾರಿಗೆ ಅಪಾಯ ಹೆಚ್ಚು, ಯಾರು ಈ ತಿಂಗಳು ಸಿಗಲಿಲ್ಲ, ಯಾರನ್ನು ಮೊದಲು ಹುಡುಕಬೇಕು ಎಂದು. ಅದೂ ಆಯ್ಕೆಯ ಗಣಿತವೇ. ಅಂತರವೆಂದರೆ ಆ ಹಾಳೆ ಯಾರ ಬದುಕನ್ನು ಕುರಿತದ್ದೋ ಅವರ ಸಂಗಾತಿಯ ಕೈಯಲ್ಲಿರುತ್ತಿತ್ತು. ಅದನ್ನು ಓದಬಲ್ಲವಳು ಅವಳು; ಅದಕ್ಕೆ ಉತ್ತರ ಹೇಳಬೇಕಾದವಳೂ ಅವಳೇ. ಯಂತ್ರದ ನಕ್ಷೆಯನ್ನು ಇದರ ಪಕ್ಕದಲ್ಲಿಟ್ಟರೆ ಕೇಳಬೇಕಾದ ಪ್ರಶ್ನೆ ತಾನಾಗಿ ಹೊಳೆಯುತ್ತದೆ: ನಕ್ಷೆ ಯಾರ ಬಳಿ ಇರಬೇಕು?

ಒಟ್ಟಿನಲ್ಲಿ ಹೇಳುವುದಾದರೆ, ಯಾರಿಗೆ ಮೊದಲು ಹೇಳಬೇಕೆಂಬ ಪ್ರಶ್ನೆಗೆ ಈ ಗ್ರಂಥವೂ ಪ್ರಯೋಗವೂ ಒಳ್ಳೆಯ ಉತ್ತರ ಕೊಟ್ಟಿವೆ. ಕಣ್ಣಿಗೆ ಬೀಳುವವನನ್ನೇ ಆರಿಸುವ ರೂಢಿ ಅಂಚಿನವನನ್ನು ಮತ್ತೆ ಅಂಚಿಗೇ ದೂಡುತ್ತದೆಂದು ಅಳೆದು ತೋರಿಸಿವೆ. ಕಡಿಮೆ ಕೇಳಿಯೂ ಹೆಚ್ಚು ತಲುಪಬಹುದೆಂದು ಕಲಿಸಿವೆ. ಯಾರು ಕೇಳಬೇಕು, ಕೇಳಿದ ಹೆಸರುಗಳು ಎಲ್ಲಿ ಎಷ್ಟು ದಿನ ಇರಬೇಕು, ಮಾತಿನ ಕೊನೆಯಲ್ಲಿ ಯಾವ ಬಾಗಿಲು ತೆರೆದಿರಬೇಕು ಎಂಬ ಪ್ರಶ್ನೆಗಳನ್ನು ಇನ್ನೊಬ್ಬರಿಗೆ ಬಿಟ್ಟಿವೆ. ಆ ಇನ್ನೊಬ್ಬರು ಆಯಾ ನೆಲದವರೇ ಆಗಿರಬೇಕಾಗುತ್ತದೆ. ಮಾಗಡಿಯ ಆರೋಗ್ಯಾಧಿಕಾರಿಯೋ ಆಶಾ ಕಾರ್ಯಕರ್ತೆಯೋ ಓರಗೆಯ ಶಿಕ್ಷಕರನ್ನು ಆರಿಸುವ ದಿನ ಒಂದೇ ಒಂದು ಕೆಲಸ ಮಾಡಿದರೂ ಗ್ರಂಥದ ಸಾರವನ್ನು ಬಳಸಿದಂತಾಗುತ್ತದೆ: ಆರಿಸಿದ ಹುಡುಗನನ್ನು ನಿಲ್ಲಿಸಿಕೊಂಡು, 'ನಿನಗೆ ಗೊತ್ತಿರುವವರಲ್ಲಿ ಈ ಸಭೆಗೆ ಬಾರದವರು ಎಲ್ಲಿರುತ್ತಾರೆ?' ಎಂದು ಕೇಳಿ, ಹೆಸರನ್ನು ಬರೆದುಕೊಳ್ಳದೆ, ಆ ಕಡೆಗೆ ತಾನೇ ನಡೆದುಹೋಗುವುದು. ಹೋಗುವಾಗ ಬರಿಗೈಯಲ್ಲಿ ಹೋಗದೆ, ಸಂಜೆಯ ಹೊತ್ತಿಗೂ ತೆರೆದಿರುವ ಒಂದು ಕ್ಲಿನಿಕ್ಕಿನ ಭರವಸೆಯನ್ನು ಜೊತೆಗೊಯ್ಯುವುದು.